ಪದೇ ಪದೇ ಕುಡಿದು ಬರುವ ರೋಗಿಯ ಮೇಲೆ ಸಿಟ್ಟು ಬರುತ್ತದೆ, ನಾನು ನರ್ಸ್ ಆಗಿರಲು ಯೋಗ್ಯಳೇ?

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಶುಶ್ರೂಷಾಧಿಕಾರಿ. ಸೇರಿ ಐದು ವರ್ಷವಾಯಿತು. ನಮ್ಮಪ್ಪ ವಿಪರೀತ ಕುಡಿಯುತ್ತಿದ್ದರು, ಅಮ್ಮ ಪಟ್ಟ ಪಾಡು ನೋಡಿಕೊಂಡೇ ಬೆಳೆದವಳು ನಾನು. ನಮ್ಮ ಮೆಡಿಕಲ್ ವಾರ್ಡಿಗೆ ಲಿವರ್ ಹಾಳಾದ ಒಬ್ಬರು ಪದೇ ಪದೇ ಬರುತ್ತಾರೆ. ಹೊಟ್ಟೆಯ ನೀರು ತೆಗೆಸಿಕೊಂಡು, ಸ್ವಲ್ಪ ಹುಷಾರಾಗಿ, "ಇನ್ನು ಮುಟ್ಟಲ್ಲ ಸಿಸ್ಟರ್" ಅಂತ ಕೈಮುಗಿದು ಹೋಗುತ್ತಾರೆ, ಮತ್ತೆ ಕುಡಿದು ಬರುತ್ತಾರೆ. ಅವರ ಹೆಂಡತಿ ಬೆಡ್ ಪಕ್ಕ ನೆಲದ ಮೇಲೆ ಮಲಗಿರುವುದನ್ನು ಕಂಡರೆ ಮೈ ಉರಿಯುತ್ತದೆ. ಇಂಜೆಕ್ಷನ್, ಡ್ರಿಪ್ ಎಲ್ಲ ಟೈಮಿಗೆ ಸರಿಯಾಗಿ ಕೊಡುತ್ತೇನೆ, ಆದರೆ ಅವರ ಜತೆ ಮಾತಾಡುವುದಿಲ್ಲ. ಕಳೆದ ತಿಂಗಳು ಮದುವೆಯಾಗದ 22 ವರ್ಷದ ಹುಡುಗಿ ಗರ್ಭಪಾತಕ್ಕೆ ಬಂದಿದ್ದಳು. ನಮ್ಮ ಮನೆಯಲ್ಲಿ ಅದು ಪಾಪ. ಅವಳ ಮುಖ ನೋಡಲೂ ನನ್ನಿಂದ ಆಗಲಿಲ್ಲ. ಇನ್‌ಚಾರ್ಜ್ ಸಿಸ್ಟರ್ "ನಿನ್ನ ಭಾವನೆಗಳನ್ನೆಲ್ಲ ಮನೇಲಿ ಬಿಟ್ಟು ಬಾ, ನರ್ಸ್‌ಗೆ ಅದೆಲ್ಲ ಇರಬಾರದು" ಎಂದರು. ರೋಗಿಗಳು ಮಾಡಿದ್ದನ್ನೆಲ್ಲ ಸರಿ ಅನ್ನಬೇಕಾ? ನನ್ನ ನಂಬಿಕೆ ಬಿಡಬೇಕಾ? ಇಲ್ಲ, ಕೆಲಸವನ್ನೇ ಬಿಡಬೇಕಾ?

ಉತ್ತರ: ಮೂರು ಪ್ರಶ್ನೆ ಕೇಳಿದ್ದೀರಿ, ಆದರೆ ಅವುಗಳ ಕೆಳಗಿರುವ ಅಳುಕು ಒಂದೇ ಅನ್ನಿಸುತ್ತದೆ. ಒಳಗೆ ಇಷ್ಟು ಸಿಟ್ಟು ಇಟ್ಟುಕೊಂಡು ಹೊರಗೆ ಆರೈಕೆ ಮಾಡುವವಳು ಒಳ್ಳೆಯ ನರ್ಸ್ ಹೇಗಾದೇನು ಎಂಬುದು. ಕೆಲಸ ಬಿಡುವ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ವಾರ್ಡಿನಲ್ಲೂ ತರಗತಿಯಲ್ಲೂ ಬಹಳ ವರ್ಷ ನರ್ಸ್‌ಗಳ ಜತೆ ಕಳೆದ ಮೇಲೆ ನನಗೆ ಖಾತ್ರಿಯಾಗಿರುವ ಸಂಗತಿ ಇದು: ತನಗೆ ಸಿಟ್ಟು ಬರುತ್ತದೆ ಎಂದು ಗುರುತಿಸಿ, ಅದರಿಂದ ರೋಗಿಗೆ ಏನಾಗುತ್ತಿದೆಯೋ ಎಂದು ಚಿಂತಿಸುವ ನರ್ಸ್ ಅರ್ಧ ದಾರಿ ಬಂದಾಗಿದೆ. "ನನಗೆ ಯಾರ ಮೇಲೂ ಏನೂ ಅನ್ನಿಸುವುದೇ ಇಲ್ಲ" ಎನ್ನುವವರ ವಾರ್ಡಿನಲ್ಲಿ ನಾನು ಹೆಚ್ಚು ಎಚ್ಚರದಿಂದ ಸುತ್ತು ಹಾಕುತ್ತೇನೆ.

ನಿಮ್ಮ ಇನ್‌ಚಾರ್ಜ್ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೆ ಅದು ಆಗುವ ಮಾತಲ್ಲ. ಶುಚಿತ್ವ, ದುಡಿಮೆ, ಮದುವೆ, ಊಟ, ದೇವರು, ನೋವನ್ನು ತುಟಿಕಚ್ಚಿ ತಡೆದುಕೊಳ್ಳುವುದು, ಇವುಗಳ ಬಗ್ಗೆ ನಮ್ಮ ತೀರ್ಮಾನಗಳು ನರ್ಸಿಂಗ್ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲೇ ಗಟ್ಟಿಯಾಗಿರುತ್ತವೆ. ಯೂನಿಫಾರಂ ಹಾಕಿಕೊಂಡ ತಕ್ಷಣ ಅವು ಕಳಚಿ ಬೀಳುವುದಿಲ್ಲ. ಅಂತರರಾಷ್ಟ್ರೀಯ ನರ್ಸ್‌ಗಳ ಮಂಡಳಿಯು 1953ರಲ್ಲಿ ಮೊದಲ ನೀತಿಸಂಹಿತೆ ಅಂಗೀಕರಿಸಿತು, 2021ರಲ್ಲಿ ಅದನ್ನು ಪರಿಷ್ಕರಿಸಿತು. ನರ್ಸ್‌ಗೆ ಸ್ವಂತ ಮೌಲ್ಯ ಇರಬಾರದು ಎಂದು ಅದು ಕೇಳುವುದಿಲ್ಲ. ರೋಗಿಯ ಮೌಲ್ಯ, ಪದ್ಧತಿ, ನಂಬಿಕೆಗಳಿಗೆ ಗೌರವ ಸಿಗುವ ವಾತಾವರಣ ಇರಲಿ ಎಂದು ಕೇಳುತ್ತದೆ. ನಿಮ್ಮ ವಿಷಯವನ್ನೇ ನೋಡಿ. ಅಮ್ಮನ ಕಷ್ಟ ಕಂಡು ಬೆಳೆದದ್ದರಿಂದಲೇ ನೆಲದ ಮೇಲೆ ಮಲಗಿದ ಆ ಹೆಂಗಸು ನಿಮ್ಮ ಕಣ್ಣಿಗೆ ಬಿದ್ದಿದ್ದಾಳೆ. ಎಷ್ಟೋ ಜನ ಅವಳನ್ನು ದಾಟಿಕೊಂಡೇ ಹೋಗುತ್ತಾರೆ. ಅವಳ ಕಡೆಗೆ ಕರುಣೆಯಾಗಿ ಹರಿಯುವುದೂ ಗಂಡನ ಕಡೆಗೆ ಸಿಟ್ಟಾಗಿ ಹರಿಯುವುದೂ ಒಂದೇ ಮೌಲ್ಯ. ಅದನ್ನು ಕಿತ್ತೆಸೆದರೆ ಎರಡೂ ಹೋಗುತ್ತವೆ.

ಸಿಟ್ಟಾಗಿ ಬರುವ ಮೌಲ್ಯವನ್ನು ಹಿಡಿಯುವುದು ಸುಲಭ, ಮೈ ಬಿಸಿಯಾಗುತ್ತದೆ, ಗೊತ್ತಾಗುತ್ತದೆ. ಸದ್ದಿಲ್ಲದೆ ಕೆಲಸ ಮಾಡುವ ಮೌಲ್ಯಗಳೇ ಹೆಚ್ಚು ತೊಂದರೆ ಕೊಡುತ್ತವೆ. ಡಿಸ್ಚಾರ್ಜ್ ಹೊತ್ತಿನಲ್ಲಿ ರಕ್ತಹೀನತೆಯ ಬಾಣಂತಿಗೆ ಊಟದ ಸಲಹೆ ಕೊಡುವುದನ್ನು ಒಮ್ಮೆ ಪಕ್ಕದಲ್ಲಿ ನಿಂತು ಕೇಳಿ. ಸಸ್ಯಾಹಾರಿ ಮನೆಯಿಂದ ಬಂದ ಸಿಸ್ಟರ್ ಸೊಪ್ಪು, ಬೆಲ್ಲ, ಕಡಲೆ, ಖರ್ಜೂರ ಎಂದು ಚೆನ್ನಾಗಿ ಹೇಳುತ್ತಾರೆ. ಮೊಟ್ಟೆ, ಮೀನು, ಮಾಂಸ, ಲಿವರ್ ಎಂಬ ಮಾತೇ ಬರುವುದಿಲ್ಲ. ಎದುರಿಗಿರುವಾಕೆ ವಾರಕ್ಕೆರಡು ಸಲ ಬಾಡು ತಿನ್ನುವ ಮನೆಯವಳು. ಸೊಪ್ಪಿನ ಕಬ್ಬಿಣಾಂಶಕ್ಕಿಂತ ಮಾಂಸದ ಕಬ್ಬಿಣಾಂಶವನ್ನು ದೇಹ ಸುಲಭವಾಗಿ ಹೀರಿಕೊಳ್ಳುತ್ತದೆ ಎಂಬುದು ಆ ಸಿಸ್ಟರ್‌ಗೂ ಗೊತ್ತು, ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದಿದ್ದಾರೆ. ಅಲ್ಲಿ ದ್ವೇಷವಿಲ್ಲ, ಬೈಗುಳವಿಲ್ಲ. ತನ್ನ ಮನೆಯ ಅಡುಗೆಮನೆಯೇ ಎಲ್ಲರ ಅಡುಗೆಮನೆ ಎಂಬ ಊಹೆ ಇದೆ, ಅಷ್ಟೇ. ಟಿಬಿ ರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು ಸರ್ಕಾರ 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1000 ರೂಪಾಯಿ ಕೊಡುತ್ತಿದೆ. ಆ ದುಡ್ಡಲ್ಲಿ ಏನು ಕೊಳ್ಳಬೇಕು ಎಂದು ಕೇಳುವವರಿಗೂ ನಮ್ಮ ನಮ್ಮ ಮನೆಯ ಊಟವನ್ನೇ ಹೇಳಿ ಕಳಿಸುವುದನ್ನು ಕಂಡಿದ್ದೇನೆ. "ನಿಮ್ಮನೇಲಿ ಏನು ಊಟ ಮಾಡ್ತೀರಿ?" ಎಂಬ ಒಂದು ಪ್ರಶ್ನೆ ಮೊದಲು ಬಂದರೆ ಸಾಕಿತ್ತು.

ಇದರ ಮತ್ತೊಂದು ತುದಿಯೂ ಇದೆ. ದೇವರು ದಿಂಡರು ಎಂದರೆ ಮೂಗು ಮುರಿಯುವ ನರ್ಸ್‌ಗಳೂ ಇದ್ದಾರೆ. ಆಪರೇಷನ್‌ಗೆ ಮೊದಲು ಕೊರಳಿನ ಇಷ್ಟಲಿಂಗ ತೆಗೆಯಿರಿ ಎಂದಾಗ ಹಿರಿಯರೊಬ್ಬರು ಹಿಂಜರಿದರೆ "ಅದೆಲ್ಲ ಥಿಯೇಟರ್ ಒಳಗೆ ನಡೆಯಲ್ಲ ಅಜ್ಜ" ಎಂದು ಗದರುವುದರಲ್ಲಿಯೂ ತೀರ್ಪಿದೆ. ಮನೆಯವರನ್ನು ಕರೆದು ಅವರ ಕೈಗೆ ಕೊಡಿಸಿ, ಕೊಟ್ಟದ್ದನ್ನು ಆಪರೇಷನ್ ಪೂರ್ವ ಚೆಕ್‌ಲಿಸ್ಟ್‌ನಲ್ಲಿ ಬರೆದು, ಎಚ್ಚರವಾದ ಮೇಲೆ ತಿರುಗಿ ಕೊರಳಿಗೆ ಬರುತ್ತದೆ ಎಂದು ಹೇಳಿದರೆ ಎರಡು ನಿಮಿಷದ ಕೆಲಸ. ಅವರ ರಕ್ತದೊತ್ತಡವೂ ಅಷ್ಟು ಏರುವುದಿಲ್ಲ. ಮಣಿಕಟ್ಟಿನ ದಾರ ಅಡ್ಡ ಬಂದರೆ ಕತ್ತರಿ ಹುಡುಕುವ ಮೊದಲು ಅದನ್ನು ಮೇಲಕ್ಕೆ ಸರಿಸಬಹುದೇ, ಡ್ರಿಪ್ ಕೊಡುವ ಸಣ್ಣ ನಳಿಕೆಯನ್ನು (ಕ್ಯಾನುಲಾ) ಇನ್ನೊಂದು ಕೈಗೆ ಹಾಕಬಹುದೇ ಎಂದು ನೋಡಬಹುದು.

ಈಗ, ರೋಗಿಗಳು ಮಾಡಿದ್ದನ್ನೆಲ್ಲ ಸರಿ ಅನ್ನಬೇಕಾ ಎಂಬ ನಿಮ್ಮ ಪ್ರಶ್ನೆ. ತೀರ್ಪು ಕೊಡದೆ ಇರುವುದೆಂದರೆ ಮಾಡಿದ್ದನ್ನೆಲ್ಲ ಸರಿ ಅನ್ನುವುದಲ್ಲ. ಕುಡಿತದಿಂದ ಆ ಮನುಷ್ಯನ ಲಿವರ್ ಹಾಳಾಗಿದೆ, ಹೆಂಡತಿ ಬಸವಳಿದಿದ್ದಾಳೆ. ಇವು ವಾಸ್ತವ, ಇವನ್ನು ಹೇಳಲೇಬೇಕು. "ಈ ಸಲ ಕುಡಿದರೆ ರಕ್ತ ವಾಂತಿಯಾಗುವ ಅಪಾಯ ಜಾಸ್ತಿ ಇದೆ" ಎಂಬುದು ಮಾಹಿತಿ. "ನಿನ್ನಂಥೋರಿಗೆ ಎಷ್ಟು ಮಾಡಿದರೂ ಅಷ್ಟೇ" ಎಂಬುದು ತೀರ್ಪು. ಮೊದಲನೆಯದನ್ನು ಕೇಳಿದವರು ಮುಂದಿನ ಪ್ರಶ್ನೆ ಕೇಳಬಹುದು. ಎರಡನೆಯದನ್ನು ಕೇಳಿದವರಿಗೆ ಕೇಳಲು ಏನೂ ಉಳಿದಿರುವುದಿಲ್ಲ.

"ನಾಲ್ಕು ಮಾತು ಬೈದರೆ ಬುದ್ಧಿ ಬರುತ್ತೆ ಮೇಡಂ" ಎಂದು ಎಷ್ಟೋ ಜನ ನನ್ನ ಮುಂದೆ ವಾದಿಸಿದ್ದಾರೆ. ಬೈಸಿಕೊಂಡವರು ಸುಳ್ಳು ಹೇಳುವುದನ್ನು ಕಲಿಯುತ್ತಾರೆ, ಅಷ್ಟೇ. ನಾನು ಮತ್ತೆ ಮತ್ತೆ ಕಂಡಿರುವುದು ಇದನ್ನೇ. ಮೆಡಿಕಲ್ ಶಾಪಿನಿಂದ ಗುಳಿಗೆ ತಂದು ನುಂಗಿದ ಹುಡುಗಿ "ಮುಟ್ಟು ಜಾಸ್ತಿ ಹೋಗ್ತಿದೆ" ಎಂದಷ್ಟೇ ಹೇಳುತ್ತಾಳೆ. ಹೊಲಕ್ಕೆ ಹೊಡೆಯುವ ಔಷಧ ಕುಡಿದವರು "ಊಟದಲ್ಲಿ ಏನೋ ಆಗಿದೆ" ಎನ್ನುತ್ತಾರೆ. ಏಡ್ಸ್ ಮಾತ್ರೆ ತಗೊಳ್ಳುವವರು ಆ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಬಂದು ಡೋಸ್ ತಪ್ಪಿಸುತ್ತಾರೆ. ನಮ್ಮ ಮುಖ ನೋಡಿಯೇ ಅವರು ಎಷ್ಟು ನಿಜ ಹೇಳಬೇಕೆಂದು ತೀರ್ಮಾನಿಸುತ್ತಾರೆ. ಆ ತಪ್ಪು ಮಾಹಿತಿಯ ಮೇಲೆ ವೈದ್ಯರು ಚಿಕಿತ್ಸೆ ಬರೆಯುತ್ತಾರೆ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಾಲು ಸಿಟ್ಟಿನದ್ದಲ್ಲ. "ಎಲ್ಲ ಸರಿಯಾಗಿ ಕೊಡುತ್ತೇನೆ, ಆದರೆ ಮಾತಾಡುವುದಿಲ್ಲ" ಎಂಬುದು. ಮಾತು ಚಿಕಿತ್ಸೆಯಿಂದ ಬೇರೆ, ಅದು ನಿಂತರೂ ಚಿಕಿತ್ಸೆ ನಡೆಯುತ್ತದೆ ಎಂದು ನೀವು ನಂಬಿದ್ದೀರಿ. ಆ ರೋಗಿಯನ್ನೇ ಇಟ್ಟುಕೊಂಡು ನೋಡೋಣ.

ರಾತ್ರಿ ಎರಡು ಗಂಟೆ. ಅವರು ಹಾಸಿಗೆಯ ಮೇಲೆ ಎದ್ದು ಕೂತಿದ್ದಾರೆ, ಡ್ರಿಪ್ ಎಳೆಯುತ್ತಿದ್ದಾರೆ, ಬಾಯಿಗೆ ಬಂದಂತೆ ಬೈಯುತ್ತಿದ್ದಾರೆ. "ಯಾರೋ ಕ್ವಾರ್ಟರ್ ತಂದುಕೊಟ್ಟಿರಬೇಕು" ಎಂಬುದು ವಾರ್ಡಿನಲ್ಲಿ ಮೊದಲು ಬರುವ ಮಾತು. ಆದರೆ ಆ ಗಲಾಟೆಗೆ ಬೇರೆ ಬೇರೆ ಕಾರಣಗಳು ಇರಬಹುದು. ಕುಡಿತ ಹಠಾತ್ತನೆ ನಿಂತದ್ದರಿಂದ ಬರುವ ಸನ್ನಿ, ಸಾಮಾನ್ಯವಾಗಿ ಕೊನೆಯ ಗುಟುಕಿನ ನಂತರ 48ರಿಂದ 96 ಗಂಟೆಯೊಳಗೆ ಕಾಣಿಸಿಕೊಳ್ಳುವಂಥದ್ದು, ಅದಾಗಿರಬಹುದು. ಫಿಟ್ಸ್ ಅದಕ್ಕಿಂತ ಮೊದಲೇ, ಮೊದಲ ಎರಡು ದಿನದಲ್ಲೇ ಬರಬಹುದು. ಲಿವರ್ ಕೆಲಸ ಮಾಡದೆ ಮಿದುಳಿಗೆ ವಿಷವೇರಿದ್ದಿರಬಹುದು. ಸಕ್ಕರೆ ಪಾತಾಳಕ್ಕಿಳಿದಿರಬಹುದು. ಹದಿನೈದು ದಿನದ ಹಿಂದೆ ಎಲ್ಲೋ ಬಿದ್ದು ತಲೆಯೊಳಗೆ ನಿಧಾನವಾಗಿ ರಕ್ತ ಹೆಪ್ಪುಗಟ್ಟಿರಬಹುದು. ಹೊಟ್ಟೆಯ ನೀರಿಗೆ ಸೋಂಕು ತಗಲಿರಬಹುದು. ಇವುಗಳಲ್ಲಿ ಯಾವುದೂ ಬೆಳಗಿನ ರೌಂಡ್ಸ್‌ವರೆಗೆ ಕಾಯುವಂಥದ್ದಲ್ಲ.

ಇದನ್ನು ಬೇರ್ಪಡಿಸಲು ನರ್ಸ್ ಮಾಡಬೇಕಾದದ್ದು ಏನು? ಬೆರಳು ಚುಚ್ಚಿ ಸಕ್ಕರೆ ನೋಡುವುದು. ಎರಡೂ ಕೈ ಮುಂದಕ್ಕೆ ಚಾಚಿಸಿ, ಮಣಿಕಟ್ಟನ್ನು ಮೇಲಕ್ಕೆ ಬಗ್ಗಿಸಿ ಹಿಡಿಯಲು ಹೇಳಿ, ಹಸ್ತ ಪಟಪಟನೆ ಬಡಿಯುತ್ತದೆಯೇ ನೋಡುವುದು. ಇವತ್ತು ಯಾವ ವಾರ ಎಂದು ಕೇಳುವುದು. ಹಗಲೆಲ್ಲ ಮಲಗಿ ರಾತ್ರಿ ಎಚ್ಚರವಿದ್ದರೇ ಎಂದು ಹೆಂಡತಿಯನ್ನು ವಿಚಾರಿಸುವುದು. ಕೊನೆಯ ಸಲ ಯಾವಾಗ ಕುಡಿದರು, ಎಷ್ಟು, ಎಲ್ಲಾದರೂ ಬಿದ್ದಿದ್ದರೇ, ನಿನ್ನೆ ಎಷ್ಟು ಸಲ ಮಲವಿಸರ್ಜನೆಗೆ ಹೋದರು. ಇವೆಲ್ಲಕ್ಕೂ ಮಾತು ಬೇಕು. ಅದೂ ಹಗಲಿನಲ್ಲೇ ಶುರುವಾಗಿರಬೇಕು. ನಾಲ್ಕು ದಿನದಿಂದ ಮುಖ ತಿರುಗಿಸಿಕೊಂಡು ಹೋಗುವ ಸಿಸ್ಟರ್ ರಾತ್ರಿ ಎರಡಕ್ಕೆ ಬಂದು ಕೇಳಿದರೆ ಉತ್ತರ ಸಿಗುವುದಿಲ್ಲ. ನಿನ್ನೆಗಿಂತ ಇವತ್ತು ಮಾತು ತೊದಲುತ್ತಿದೆ ಎಂಬುದು ನಿನ್ನೆ ಮಾತಾಡಿಸಿದವರಿಗೆ ಮಾತ್ರ ಗೊತ್ತಾಗುತ್ತದೆ.

ಲ್ಯಾಕ್ಟುಲೋಸ್ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಯಾರೂ ತರಗತಿಯಲ್ಲಿ ಹೀಗೆ ಹೇಳುವುದಿಲ್ಲ. ಆ ಸಿಹಿ ಔಷಧದ ಗುರಿಯೇ ದಿನಕ್ಕೆ ಎರಡು ಮೂರು ಸಲ ಮೆತ್ತಗೆ ಮಲ ಹೋಗುವಂತೆ ಮಾಡುವುದು, ಆ ಮೂಲಕ ಮಿದುಳಿಗೆ ಹೋಗುವ ಅಮೋನಿಯಾ ತಗ್ಗಿಸುವುದು. ಊದಿದ ಹೊಟ್ಟೆ, ಬಲವಿಲ್ಲದ ಕಾಲು ಇಟ್ಟುಕೊಂಡು ಶೌಚಾಲಯದವರೆಗೆ ನಡೆಯಲಾಗದೆ ಅವರು ಬೆಡ್‌ಪ್ಯಾನ್ ಕೇಳುತ್ತಾರೆ. ಕೇಳಿದಾಗ ಬರುವುದು ತಡವಾಗುತ್ತದೆ. ಹಾಸಿಗೆ ಕೆಡುತ್ತದೆ. ನಾವು ಮುಖ ಸಿಂಡರಿಸುತ್ತೇವೆ, ಆಯಾ ಗೊಣಗುತ್ತಾಳೆ, ಹೆಂಡತಿ ನಾಚಿಕೆಯಿಂದ ಬಟ್ಟೆ ಒಗೆಯುತ್ತಾಳೆ. ಮುಂದಿನ ಡೋಸನ್ನು ಅವರು ಬಾಯಲ್ಲಿಟ್ಟುಕೊಂಡು ನಾವು ಹೋದ ಮೇಲೆ ಉಗುಳುತ್ತಾರೆ. ಕೇಸ್ ಶೀಟ್‌ನಲ್ಲಿ "ಕೊಡಲಾಗಿದೆ" ಎಂದಿರುತ್ತದೆ. ಎರಡು ದಿನದಲ್ಲಿ ಮಂಪರು. ಔಷಧ ಸರಿ, ಸಮಯ ಸರಿ, ಸಹಿ ಸರಿ, ಆದರೂ ಚಿಕಿತ್ಸೆ ಆಗಿಲ್ಲ. ಒಂದು ಮುಖಭಾವ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿತು ನೋಡಿ.

ಹಾಗಾದರೆ ಈ ಸಿಟ್ಟು ಬರುವುದಾದರೂ ಏಕೆ? ನಿಮಗೆ ಅಪ್ಪನ ನೆನಪು ಇದೆ, ಅದು ಒಂದು. ಆದರೆ ಕುಡಿತದ ಗಾಳಿಯೂ ಸೋಕದ ಮನೆಯಿಂದ ಬಂದ ನಿಮ್ಮ ಸಹೋದ್ಯೋಗಿಗೂ ಇದೇ ಸಿಟ್ಟು ಬರುತ್ತದೆ. "ಮಾಡಿದ್ದುಣ್ಣೋ ಮಹರಾಯ" ಎಂಬ ಮಾತು ನಮ್ಮ ರಕ್ತದಲ್ಲೇ ಇದೆ. ಕಾಯಿಲೆ ಅವರವರ ತಪ್ಪಿನ ಫಲ ಎಂದುಕೊಂಡರೆ ತಪ್ಪು ಮಾಡದ ನಾನು ಸುರಕ್ಷಿತ ಎಂಬ ಧೈರ್ಯ ಸಿಗುತ್ತದೆ. ದಿನವೂ ಸಾವು ನೋಡುವವರಿಗೆ ಆ ಧೈರ್ಯ ಬೇಕೆನಿಸುವುದು ಸಹಜ. ಇನ್ನೊಂದು ಕಾರಣ ಸೋಲಿನ ಭಾವನೆ. ಮಲೇರಿಯಾ ರೋಗಿ ಗುಣವಾಗಿ ಹೋಗುತ್ತಾರೆ, ನಮಗೂ ಗೆದ್ದಂತಾಗುತ್ತದೆ. ಮತ್ತೆ ಕುಡಿದು ಬಂದವರು ನಮ್ಮ ಶ್ರಮವನ್ನು ನೀರಿಗೆ ಹಾಕಿದಂತೆ ಕಾಣುತ್ತಾರೆ. ಮದ್ಯವ್ಯಸನ ಕಾಯಿಲೆಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ಕಾಯಿಲೆ, ಸಕ್ಕರೆ ಕಾಯಿಲೆಯ ಹಾಗೆಯೇ ಮರುಕಳಿಸುವುದು ಅದರ ಸ್ವಭಾವ ಎಂದು ಓದಿರುತ್ತೇವೆ. ಆದರೂ ಸಕ್ಕರೆ ಏರಿಸಿಕೊಂಡು ಬಂದ ಮೇಷ್ಟ್ರಿಗೆ "ಹಬ್ಬದಲ್ಲಿ ಹೋಳಿಗೆ ತಿಂದಿರಾ ಸರ್?" ಎಂದು ನಗುತ್ತೇವೆ, ಇವರಿಗೆ ನಗುವುದಿಲ್ಲ. ಹೋಳಿಗೆ ತಿಂದವರು ನಮ್ಮಂಥವರು ಎಂಬ ಭಾವನೆಯೇ ಇದಕ್ಕೆ ಕಾರಣ.

ಇದರ ಮೇಲೆ ದಣಿವು. ಒಂದು ವಾರ್ಡಿಗೆ ಒಬ್ಬಳೇ ರಾತ್ರಿ ಡ್ಯೂಟಿ ಮಾಡುವವಳಿಗೆ ತಾಳ್ಮೆ ಎಲ್ಲಿಂದ ಬರಬೇಕು? ಸಿಬ್ಬಂದಿ ಕೊರತೆಯ ಹೊಣೆ ನಿಮ್ಮದಲ್ಲ. ಅದನ್ನು ನಿಮ್ಮ ಸ್ವಭಾವದ ದೋಷ ಎಂದುಕೊಂಡು ಕೊರಗಬೇಡಿ. ಆದರೆ ದಣಿದಾಗ ಯಾರ ಕರೆಗೆ ಕೊನೆಗೆ ಹೋಗುತ್ತೀರಿ ಎಂಬುದನ್ನು ಗಮನಿಸಿ. ದಣಿವು ಎಲ್ಲ ಬೆಡ್‌ಗೂ ಸಮನಾಗಿ ಹಂಚಿಹೋಗುವುದಿಲ್ಲ.

ವಾರ್ಡಿನ ಭಾಷೆಯೂ ಇದಕ್ಕೆ ಸೇರಿಕೊಳ್ಳುತ್ತದೆ. "ಆರನೇ ಬೆಡ್ ಕುಡುಕ ಕೇಸ್, ಎಂಟು ಪಾಯ್ಸನ್ ಕೇಸ್, ಮೂಲೆಯದು ತಲೆನೋವು ಪಾರ್ಟಿ" ಎಂದು ಹಿಂದಿನ ಶಿಫ್ಟಿನವರು ಒಪ್ಪಿಸಿ ಹೋಗುವ ಹ್ಯಾಂಡೋವರ್ ಕೇಳಿಕೊಂಡು ಡ್ಯೂಟಿ ಶುರು ಮಾಡಿದವರ ಮನಸ್ಸಿನಲ್ಲಿ ರೋಗಿಯನ್ನು ನೋಡುವ ಮೊದಲೇ ತೀರ್ಪು ಕೂತಿರುತ್ತದೆ. ಅಮೆರಿಕದಲ್ಲಿ 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸಿಕಲ್ ಸೆಲ್ ಎಂಬ, ತೀವ್ರ ನೋವು ತರುವ ರಕ್ತದ ಕಾಯಿಲೆಯ ಒಬ್ಬ ಕಾಲ್ಪನಿಕ ರೋಗಿಯ ಬಗ್ಗೆ ಎರಡು ಟಿಪ್ಪಣಿ ಬರೆದು, ವೈದ್ಯಕೀಯ ವಿದ್ಯಾರ್ಥಿಗಳಿಗೂ ಕಿರಿಯ ವೈದ್ಯರಿಗೂ ಓದಿಸಿದ್ದರು. ರೋಗದ ವಿವರ ಒಂದೇ, ಒಂದು ಟಿಪ್ಪಣಿಯ ಧಾಟಿಯಲ್ಲಿ ಮಾತ್ರ ಸಂಶಯ, ತಾತ್ಸಾರ. ಅದನ್ನು ಓದಿದವರು ರೋಗಿಯನ್ನು ಕೀಳಾಗಿ ಕಂಡರು, ನೋವಿಗೆ ಕಡಿಮೆ ಚಿಕಿತ್ಸೆ ಸೂಚಿಸಿದರು. ನಾವು ದಿನವೂ ಬರೆಯುವ "ಸಹಕರಿಸುತ್ತಿಲ್ಲ" ಎಂಬ ಪದಕ್ಕೂ ಅದೇ ಶಕ್ತಿ ಇದೆ. "ಬೆಳಿಗ್ಗೆಯ ಇಂಜೆಕ್ಷನ್ ಬೇಡ ಎಂದರು, ಹಿಂದಿನ ಜಾಗ ಊದಿ ನೋಯುತ್ತಿದೆ ಎಂದು ತೋರಿಸಿದರು" ಎಂದು ಬರೆದರೆ ಮುಂದಿನ ಶಿಫ್ಟಿನವರು ಆ ಜಾಗ ನೋಡುತ್ತಾರೆ. ಹ್ಯಾಂಡೋವರ್ ಬದಲಿಸಲು ಯಾರ ಅನುಮತಿಯೂ ಬೇಡ, ನಿಮ್ಮ ಸರದಿ ಬಂದಾಗ ನೀವು ಬೇರೆ ಥರ ಹೇಳಿದರೆ ಆಯಿತು. "ಆರನೇ ಬೆಡ್, ಸಿರೋಸಿಸ್, ಕೊನೆಯ ಕುಡಿತ ಸೋಮವಾರ ರಾತ್ರಿ, ಸನ್ನಿಗೆ ನಿಗಾ ಇರಲಿ." ಸಮಯವೂ ಅಷ್ಟೇ ಹಿಡಿಯುತ್ತದೆ.

ಇನ್ನು ಆ ಹುಡುಗಿಯ ವಿಷಯ. ಇಲ್ಲಿ ನಿಮ್ಮ ನಂಬಿಕೆಯ ಜತೆಗೆ ಕಾನೂನೂ ಇದೆ, ಅದನ್ನು ಸ್ಪಷ್ಟವಾಗಿ ತಿಳಿದಿರಬೇಕು. ವೈದ್ಯಕೀಯ ಗರ್ಭಪಾತ ಕಾಯ್ದೆ 1971ರದ್ದು. 2021ರ ತಿದ್ದುಪಡಿ ಗರ್ಭನಿರೋಧಕ ವಿಫಲವಾದ ಸಂದರ್ಭದಲ್ಲಿ "ವಿವಾಹಿತ ಮಹಿಳೆ ಅಥವಾ ಆಕೆಯ ಗಂಡ" ಎಂದಿದ್ದುದನ್ನು ತೆಗೆದು "ಮಹಿಳೆ ಅಥವಾ ಆಕೆಯ ಸಂಗಾತಿ" ಎಂದು ಮಾಡಿತು. 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯ ಸಾಕು. ನಿಗದಿತ ಸಂದರ್ಭಗಳಲ್ಲಿ 24 ವಾರದವರೆಗೆ ಇಬ್ಬರದ್ದು ಬೇಕು. ಈ ವಿಷಯದಲ್ಲಿ ಅವಿವಾಹಿತೆಗೂ ವಿವಾಹಿತೆಯಷ್ಟೇ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರಂದು ಹೇಳಿದೆ. 18 ತುಂಬಿದವಳಿಗೆ ತನ್ನ ಒಪ್ಪಿಗೆಯೊಂದೇ ಸಾಕು, ಗಂಡ, ಅಪ್ಪ, ಅಣ್ಣ ಯಾರ ಸಹಿಯೂ ಬೇಕಿಲ್ಲ. ಹೆಸರು ವಿವರ ಬಯಲು ಮಾಡಿದ ವೈದ್ಯರಿಗೆ ಒಂದು ವರ್ಷದವರೆಗೆ ಜೈಲುಶಿಕ್ಷೆ ಆಗಬಹುದು. ಗುಟ್ಟು ಕಾಯುವ ವೃತ್ತಿಧರ್ಮ ನಮಗೂ ಅಷ್ಟೇ ಕಡ್ಡಾಯ. 18ರೊಳಗಿನ ಹುಡುಗಿಯಾದರೆ ಪೋಷಕರ ಒಪ್ಪಿಗೆ ಬೇಕು, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೊ ಕಾಯ್ದೆಯಡಿ ವರದಿಯೂ ಆಗಬೇಕು. ಅಲ್ಲಿಯೂ ಹುಡುಗಿ ಮತ್ತು ಪೋಷಕರು ಕೇಳಿಕೊಂಡರೆ ವೈದ್ಯರು ಅವಳ ಗುರುತು ಬಹಿರಂಗಪಡಿಸಬೇಕಿಲ್ಲ ಎಂದು ಅದೇ ತೀರ್ಪು ಹೇಳಿದೆ.

ಕಾನೂನು ಬಿಡಿ, ಆರೈಕೆಯ ಕಣ್ಣಿನಿಂದ ನೋಡಿದರೂ ಮುಖ ನೋಡದೆ ಕಳಿಸಿದ ಹುಡುಗಿಯ ಬಗ್ಗೆ ನನಗೆ ಕಾಡುವ ಚಿಂತೆ ಬೇರೆ. ಮೂರನೇ ದಿನ ಅವಳಿಗೆ ಚಳಿಜ್ವರ ಬಂದರೆ, ವಾಸನೆಯ ಸ್ರಾವ ಕಂಡರೆ, ಗಂಟೆಗೆ ಎರಡು ಪ್ಯಾಡ್ ನೆನೆಯುವಷ್ಟು ರಕ್ತ ಹೋದರೆ ಅವಳು ತಿರುಗಿ ಬರುತ್ತಾಳೆಯೇ? ಮನೆಯಲ್ಲಿ ಹೇಳಿರುವುದಿಲ್ಲ. ಅವಳಿಗೆ ಇರುವ ಒಂದೇ ಬಾಗಿಲು ಆಸ್ಪತ್ರೆಯದ್ದು. ಅಲ್ಲಿ ಅವಮಾನವಾಗಿದ್ದರೆ ಜ್ವರದ ಮಾತ್ರೆ ನುಂಗಿ ಬಾಗಿಲು ಹಾಕಿಕೊಂಡು ಮಲಗುತ್ತಾಳೆ. ರಕ್ತದ ಗುಂಪು ನೆಗೆಟಿವ್ ಇದ್ದರೆ ಮುಂದಿನ ಗರ್ಭಕ್ಕೆ ತೊಂದರೆಯಾಗದಂತೆ ಕೊಡುವ ಆಂಟಿ ಡಿ ಇಂಜೆಕ್ಷನ್ ಬೇಕೇ ಎಂದು ವಿಚಾರಿಸುವುದು, ಮುಂದೆ ಬೇಡದ ಗರ್ಭ ತಡೆಯಲು ಏನು ಮಾಡಬಹುದು ಎಂದು ಹೇಳುವುದು, ಒತ್ತಾಯದಿಂದ ಬಂದಿದ್ದಾಳೋ ಸ್ವಂತ ಮನಸ್ಸಿನಿಂದಲೋ ಎಂದು ಒಂಟಿಯಾಗಿ ಕೇಳುವುದು, ಇವೆಲ್ಲ ನರ್ಸ್‌ನ ಕೆಲಸ. ನಿಮ್ಮ ನಂಬಿಕೆಯಲ್ಲಿ ಜೀವಕ್ಕೆ ಬೆಲೆ ಇದೆ ಎಂದಾದರೆ ಎದುರಿಗೆ ಕೂತ ಜೀವಕ್ಕೂ ಆ ಬೆಲೆ ಸಲ್ಲಬೇಕು. ಆಕೆಯ ತೀರ್ಮಾನವನ್ನು ಒಪ್ಪಿಕೊಳ್ಳದೆಯೂ ಇಷ್ಟನ್ನು ಮಾಡಬಹುದು, ಹಾಗೆ ಮಾಡುವ ಭಕ್ತಿವಂತ ಸಿಸ್ಟರ್‌ಗಳನ್ನು ನಾನು ಬಲ್ಲೆ.

ಅದೂ ಆಗದು ಎನ್ನಿಸಿದರೆ? ನಿಮ್ಮ ಮುಂದೆ ಕೆಲವು ದಾರಿಗಳಿವೆ, ಯಾವುದೂ ಅಪಾಯವಿಲ್ಲದ್ದಲ್ಲ.

ಮನಃಸಾಕ್ಷಿಯ ಕಾರಣಕ್ಕೆ ಇಂಥ ಕೆಲಸದಿಂದ ಹೊರಗುಳಿಯಲು ಕೆಲವು ದೇಶಗಳಲ್ಲಿ ಕಾನೂನೇ ಅವಕಾಶ ಕೊಟ್ಟಿದೆ. ಬ್ರಿಟನ್ನಿನ 1967ರ ಗರ್ಭಪಾತ ಕಾಯ್ದೆಯಲ್ಲಿ ಅಂಥ ಕಲಮು ಇದೆ. ನಮ್ಮ ಕಾಯ್ದೆಯಲ್ಲಿ ನರ್ಸ್‌ಗೆಂದು ಅಂಥದ್ದಿಲ್ಲ. ಹಾಗಾಗಿ ಇದು ನಿಮ್ಮ ಮೇಲಧಿಕಾರಿಯ ಜತೆ ಮುಂಚೆಯೇ ಮಾತಾಡಿ ಮಾಡಿಕೊಳ್ಳಬೇಕಾದ ಏರ್ಪಾಡು. ರೋಗಿ ಟೇಬಲ್ ಮೇಲೆ ಮಲಗಿದಾಗ "ನಾನು ಮಾಡಲ್ಲ" ಎನ್ನುವಂತಿಲ್ಲ. ಬ್ರಿಟನ್ನಿನಲ್ಲೂ ಜೀವಕ್ಕೆ ಅಪಾಯವಿದ್ದಾಗ ಆ ವಿನಾಯಿತಿ ನಡೆಯುವುದಿಲ್ಲ, ರಕ್ತಸ್ರಾವದಲ್ಲಿ ಬಂದವಳ ಮುಂದೆ ಎಲ್ಲ ನಂಬಿಕೆಯೂ ಸಾಲಿನಲ್ಲಿ ಹಿಂದೆ ನಿಲ್ಲಬೇಕು. ಇನ್ನೊಂದು ತೊಡಕು, ತಾಲ್ಲೂಕು ಆಸ್ಪತ್ರೆಯಲ್ಲಿ ನಿಮ್ಮ ಬದಲಿಗೆ ಯಾರೂ ಇರುವುದಿಲ್ಲ. ಬೇರೆ ವಿಭಾಗಕ್ಕೆ ವರ್ಗ ಕೇಳಬಹುದು, ಆದರೆ ಅಲ್ಲೂ ಇನ್ನೊಂದು ಬಗೆಯ "ತಪ್ಪು ಮಾಡಿದವರು" ಇದ್ದೇ ಇರುತ್ತಾರೆ.

ಆ ಲಿವರ್ ರೋಗಿಯನ್ನು ಕೆಲವು ದಿನ ಸಹೋದ್ಯೋಗಿಗೆ ಬಿಟ್ಟುಕೊಡುವುದು ತಪ್ಪಲ್ಲ. ಅಪ್ಪನ ವರ್ಷಾಂತಿಕ ಬಂದ ವಾರದಲ್ಲಿಯೋ ಮನೆಯಲ್ಲಿ ಗಲಾಟೆಯಾದ ದಿನವೋ ಹಾಗೆ ಮಾಡಿದರೆ ರೋಗಿಗೇ ಒಳ್ಳೆಯದು. ಅದೇ ರೂಢಿಯಾದರೆ ಅವರು ಯಾರಿಗೂ ಬೇಡವಾದ ಬೆಡ್ ಆಗುತ್ತಾರೆ, ಅದು ಅವರಿಗೆ ಬೇಗ ತಿಳಿಯುತ್ತದೆ.

ಮುಖವಾಡ ಹಾಕಿಕೊಂಡು ನಡೆಸುವುದು ಹೆಚ್ಚಿನವರ ದಾರಿ. ಅದನ್ನು ಹೀಗಳೆಯುವುದಿಲ್ಲ, ಎಷ್ಟೋ ರಾತ್ರಿ ಅದೇ ಕೈಹಿಡಿಯುತ್ತದೆ. ಆದರೆ ವರ್ಷಗಟ್ಟಲೆ ಅದೊಂದನ್ನೇ ನಂಬಿದವರು ಬೇಗ ಬತ್ತಿಹೋಗುತ್ತಾರೆ.

ನಾನು ವಿದ್ಯಾರ್ಥಿಗಳಿಗೆ ಮಾಡಿಸುವುದು ಇನ್ನೊಂದಿದೆ. ಡ್ಯೂಟಿ ಮುಗಿದ ಮೇಲೆ ಹತ್ತು ನಿಮಿಷ, ಒಂದು ನೋಟ್‌ಬುಕ್, ರೋಗಿಯ ಹೆಸರು ಬೇಡ. ಇಷ್ಟವಾದ ಒಬ್ಬ ರೋಗಿ, ಇಷ್ಟವಾಗದ ಒಬ್ಬ ರೋಗಿ. ಯಾರು ಕರೆದಾಗ ಎಷ್ಟು ಹೊತ್ತಿಗೆ ಹೋದೆ, ಯಾರನ್ನು ಏನೆಂದು ಕರೆದೆ, ಯಾರ ನೋವನ್ನು ಕೇಳಿದೆ, ಯಾರದನ್ನು ಕೇಳಲಿಲ್ಲ. ಮನಸ್ಸಿನಲ್ಲಿ ಏನನ್ನಿಸಿತು ಎಂದು ಬರೆಯುವುದು ಬೇಡ, ಕೈಕಾಲು ಏನು ಮಾಡಿದವು ಎಂದು ಬರೆಯಿರಿ. ಒಂದು ವಾರದಲ್ಲಿ ಮೌಲ್ಯ ಎಲ್ಲಿ ಕೆಲಸ ಮಾಡುತ್ತಿದೆ ಎಂದು ಕಾಗದದ ಮೇಲೆ ಕಾಣುತ್ತದೆ. ಆಮೇಲೆ ಆ ಒಂದು ನಂಬಿಕೆಯನ್ನು ಹಿಡಿದು ಕೇಳಿಕೊಳ್ಳಿ: ಇದನ್ನು ನಾನು ಯೋಚಿಸಿ ಆರಿಸಿಕೊಂಡೆನೇ, ಮನೆಯಿಂದ ಬಂದದ್ದೇ? ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಸಿದ್ಧಳೇ? ನನಗೆ ಬೇಕಾದವರ ವಿಷಯದಲ್ಲಿಯೂ ಹೀಗೇ ನಡೆದುಕೊಳ್ಳುತ್ತೇನೆಯೇ? ಕೆಲವು ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತವೆ, ಕೆಲವು ಉದುರುತ್ತವೆ. ಇದರ ಅಪಾಯವೆಂದರೆ ಅಪರಾಧಿ ಭಾವಕ್ಕೆ ಜಾರುವುದು. ನೋಟ್‌ಬುಕ್ ನಿಮ್ಮನ್ನು ಬೈಯಲು ಇಟ್ಟುಕೊಂಡದ್ದಲ್ಲ, ನಾಳೆ ಒಂದು ನಡೆ ಬದಲಿಸಲು ಇಟ್ಟುಕೊಂಡದ್ದು.

ಎಚ್ಐವಿ ಇರುವವರಿಗೆ ಮಾತ್ರ ಎರಡು ಗ್ಲೌಸ್ ಹಾಕುವುದು, ಬೆಡ್‌ಗೆ ಗುರುತು ಅಂಟಿಸುವುದು ಇನ್ನೂ ಕೆಲವೆಡೆ ನಡೆಯುತ್ತದೆ, ಅದಕ್ಕೆ "ಸೇಫ್ಟಿ" ಎಂಬ ಹೆಸರು. ಮುನ್ನೆಚ್ಚರಿಕೆ ಎಲ್ಲ ರೋಗಿಗೂ ಒಂದೇ ಇರಬೇಕು, ಏಕೆಂದರೆ ಪರೀಕ್ಷೆಯಾಗದ ರೋಗಿಯ ರಕ್ತದಲ್ಲಿ ಏನಿದೆ ನಿಮಗೆ ಗೊತ್ತಿಲ್ಲ. ಸೂಜಿ ಚುಚ್ಚಿಕೊಂಡರೆ ಎಚ್ಐವಿ ತಗಲುವ ಸಾಧ್ಯತೆ ಸುಮಾರು ಶೇ 0.3. ಸಾಧ್ಯವಾದರೆ ಎರಡು ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಔಷಧ ಶುರು ಮಾಡಿ 28 ದಿನ ತೆಗೆದುಕೊಳ್ಳಬೇಕು. ಲಸಿಕೆ ಹಾಕಿಸಿಕೊಳ್ಳದವರಿಗೆ ಹೆಪಟೈಟಿಸ್ ಬಿ ಇದಕ್ಕಿಂತ ಎಷ್ಟೋ ಪಟ್ಟು ಸುಲಭವಾಗಿ ತಗಲುತ್ತದೆ. ಎಚ್ಐವಿ ಕಾರಣಕ್ಕೆ ತಾರತಮ್ಯ ಮಾಡುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ವಿಷ ಕುಡಿದು ಬಂದವರ ವಿಷಯದಲ್ಲೂ ಹಾಗೆಯೇ. ಅವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣದ ದಾಖಲೆ, ಬರೆಯುವುದು ನಮ್ಮ ಕರ್ತವ್ಯ, "ಹೆಂಡತಿ ಮಕ್ಕಳ ನೆನಪಾಗಲಿಲ್ವಾ" ಎಂದು ಕೇಳುವುದು ಅದರ ಭಾಗವಲ್ಲ.

ತೀರ್ಪು ಕೊಡದಿರುವುದೆಂದರೆ ಎಲ್ಲ ಸಹಿಸಿಕೊಳ್ಳುವುದು ಎಂದೂ ಅರ್ಥ ಮಾಡಿಕೊಳ್ಳಬೇಡಿ. ರೋಗಿಯಾಗಲಿ ಸಂಬಂಧಿಕರಾಗಲಿ ಕೈ ಹಿಡಿದರೆ, ಹೊಡೆಯಲು ಬಂದರೆ, ಅಶ್ಲೀಲವಾಗಿ ಮಾತಾಡಿದರೆ ಗಟ್ಟಿಯಾಗಿ ತಡೆಯಿರಿ, ಲಿಖಿತವಾಗಿ ವರದಿ ಮಾಡಿ. ವೈದ್ಯಕೀಯ ಸಿಬ್ಬಂದಿಯ ಮೇಲಿನ ಹಿಂಸೆಗೆ ಕರ್ನಾಟಕದಲ್ಲಿ 2009ರಿಂದಲೇ ಪ್ರತ್ಯೇಕ ಕಾಯ್ದೆ ಇದೆ. ಸನ್ನಿಯಲ್ಲಿರುವವರು ಬೈದರೆ ಅದು ಕಾಯಿಲೆ, ಪ್ರಜ್ಞೆ ಇದ್ದು ಬೈದರೆ ಅದು ನಡತೆ. ಎರಡಕ್ಕೂ ಉತ್ತರ ಬೇರೆ ಬೇರೆ.

ಮುಂದಿನ ಸಲ ಆ ಲಿವರ್ ರೋಗಿ ದಾಖಲಾದಾಗ "ಮತ್ತೆ ಕುಡಿದಿರಾ?" ಎಂದು ಶುರು ಮಾಡಬೇಡಿ. "ಕೊನೆಯ ಸಲ ಕುಡಿದದ್ದು ಯಾವಾಗ, ಎಷ್ಟು? ಸನ್ನಿ ಬರದ ಹಾಗೆ ನೋಡಿಕೊಳ್ಳಬೇಕು, ಅದಕ್ಕೆ ಕೇಳುತ್ತಿದ್ದೇನೆ" ಎನ್ನಿ. ಗ್ಲೂಕೋಸ್ ಡ್ರಿಪ್ ಬರೆದಿದ್ದರೆ ಅದಕ್ಕೆ ಮೊದಲು ಥಯಮಿನ್ (ವಿಟಮಿನ್ ಬಿ1) ಇದೆಯೇ ಎಂದು ವೈದ್ಯರಿಗೆ ನೆನಪಿಸಿ. ಹಿಂದಿನ ಸಲ ಎಷ್ಟು ದಿನ ಕುಡಿಯದೆ ಇದ್ದರು ಎಂದು ಕೇಳಿ. ಹನ್ನೆರಡು ದಿನ ಎಂದರೆ ಆ ಹನ್ನೆರಡು ದಿನ ಹೇಗೆ ಸಾಧ್ಯವಾಯಿತು ಎಂದು ಕೇಳಿ. ಚಿಕಿತ್ಸೆಗೆ ಮನಸ್ಸು ಮಾಡಿದರೆ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗಕ್ಕೆ, ಬೆಂಗಳೂರಿಗೆ ಬರಬಲ್ಲವರಾದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ವಿಭಾಗಕ್ಕೆ ದಾರಿ ತೋರಿಸಿ. ಹೆಂಡತಿಯನ್ನು ಕೂರಿಸಿ ಅವರು ಊಟ ಮಾಡಿದರೇ, ಮನೆಯಲ್ಲಿ ಹೊಡೆತ ಬಡಿತ ಇದೆಯೇ ಎಂದು ಒಂಟಿಯಾಗಿ ವಿಚಾರಿಸಿ. ಆ ಕರುಣೆ ನಿಮ್ಮಲ್ಲಿ ಈಗಾಗಲೇ ಇದೆ, ಅದಕ್ಕೆ ಕೆಲಸ ಕೊಡಿ.

ಅಪ್ಪನ ವಿಷಯ ನೀವು ಒಂದೇ ಸಾಲಿನಲ್ಲಿ ಹೇಳಿ ಮುಂದೆ ಹೋಗಿದ್ದೀರಿ. ಆ ರೋಗಿಯನ್ನು ಕಂಡ ದಿನ ನಿದ್ದೆ ಬಾರದಿದ್ದರೆ, ಮನೆಯವರ ಮೇಲೆ ರೇಗುತ್ತಿದ್ದರೆ, ಹಳೆಯ ಘಟನೆಗಳು ಕಣ್ಣ ಮುಂದೆ ಬರುತ್ತಿದ್ದರೆ ಅದನ್ನು ಒಬ್ಬರೇ ಹೊರಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಕುಡಿಯುವವರ ಮನೆಯವರಿಗೆಂದೇ ಇರುವ ಅಲ್‌ಅನಾನ್ ಗುಂಪುಗಳ ಸಭೆಗಳಲ್ಲಿ ಕುಡಿತ ಬಿಡಿಸುವ ಮಾತಿಗಿಂತ ಹೆಚ್ಚಾಗಿ ಕುಡಿಯುವವರ ಜತೆ ಬದುಕಿದವರ ಪಾಡಿನ ಮಾತು ನಡೆಯುತ್ತದೆ. ನಿಮ್ಮ ತಾಯಿಯವರಿಗೂ ಹೇಳಿ, ಇಬ್ಬರೂ ಕೂಡಿ ಹೋಗಬಹುದು.